ತೆರೆಯದೆ ಬಿಟ್ಟ ಇನ್‌ಬಾಕ್ಸ್

ಹುಮನಾಬಾದಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಮರಳುವುದು. ದಾರಿಯಲ್ಲಿ ರಾಜೇಶ್ವರ ಎಂಬ ಊರು ಬರುವಷ್ಟರಲ್ಲಿ ಕೂರಲು ಜಾಗ ಸಿಕ್ಕರೆ ಅದೇ ದೊಡ್ಡದು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಬೀದರಿನಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ನಡೆದಾಗ ನಮಗೆಲ್ಲ ಒಂದೊಂದು ಇ-ಮೇಲ್ ವಿಳಾಸ ಮಾಡಿಸಿಕೊಟ್ಟರು. ನನಗೆ ಅದರಲ್ಲಿ ಪತ್ರ ಬರೆಯುವವರು ಯಾರೂ ಇರಲಿಲ್ಲ. ಆದರೂ ವಾರಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ, ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲಿದ್ದ ಇಂಟರ್‌ನೆಟ್ ಸೆಂಟರಿಗೆ ಹೋಗಿ ಕೂರುತ್ತಿದ್ದೆ. ಉಚಿತ ಶುಭಾಶಯ ಪತ್ರ, ಉಚಿತ ಇಂಗ್ಲಿಷ್ ಪಾಠ ಎಂದು ಎಲ್ಲೆಲ್ಲಿ ವಿಳಾಸ ಕೇಳಿದರೋ ಅಲ್ಲೆಲ್ಲ ಬರೆದುಕೊಟ್ಟೆ. ಕೆಲವು ದಿನಗಳಲ್ಲಿ ನನಗೂ ಪತ್ರಗಳು ಬರತೊಡಗಿದವು. "ಪ್ರಿಯ ಸ್ನೇಹಿತರೇ" ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಪತ್ರಗಳು. ಮೊದಮೊದಲು ಒಂದನ್ನೂ ಬಿಡದೆ ಪೂರ್ತಿ ಓದುತ್ತಿದ್ದೆ. ಪರದೇಶದ ಯಾರೋ ನನ್ನನ್ನು ನೆನೆಸಿಕೊಂಡು ಬರೆದಂತೆ ಅನಿಸುತ್ತಿತ್ತು.

ನಂತರ ಬೇರೆ ತರಹದವು ಬಂದವು. ತಲೆಬರಹ ಓದಿದರೆ ಸಾಕು, ಕಿವಿ ಬಿಸಿಯಾಗುತ್ತಿತ್ತು. ನಾನು ಅವನ್ನು ತೆರೆಯುತ್ತಿರಲಿಲ್ಲ. ಆದರೆ ಒಂದು ಸಂಜೆ, ಇಂಗ್ಲಿಷ್ ಪಾಠದ ಪತ್ರವೆಂದುಕೊಂಡು ಒಂದನ್ನು ಒತ್ತಿದೆ. ಆಗಿನ ಇಂಟರ್‌ನೆಟ್ಟು ಟೆಲಿಫೋನ್ ತಂತಿಯ ಮೇಲೆ ಬರುತ್ತಿತ್ತು. ಚಿತ್ರವೊಂದು ಮೇಲಿನಿಂದ ಕೆಳಗೆ ಬೆರಳಷ್ಟಗಲ, ಬೆರಳಷ್ಟಗಲ ಇಳಿಯುತ್ತಿತ್ತು. ಮೊದಲು ಒಂದು ಹೆಂಗಸಿನ ಕೂದಲು ಕಂಡಿತು. ಆಮೇಲೆ ಮುಖ. ಆಮೇಲೆ ಭುಜ. ಏನು ಬರುತ್ತಿದೆ ಎಂದು ತಿಳಿದು ಮುಚ್ಚಲು ಹೋದರೆ ಅದು ಮುಚ್ಚಲಿಲ್ಲ. ಒಂದರ ಮೇಲೊಂದು ಹೊಸ ಕಿಟಕಿಗಳು ತೆರೆದುಕೊಂಡವು. ನನ್ನ ಬೆನ್ನ ಹಿಂದೆ ಇಬ್ಬರು ತಮ್ಮ ಸರದಿಗಾಗಿ ನಿಂತಿದ್ದರು. ಅದರಲ್ಲೊಬ್ಬರು ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ. ನಾನು ಎರಡೂ ಅಂಗೈಗಳನ್ನು ಪರದೆಯ ಮೇಲೆ ಇಟ್ಟೆ. ಕೊನೆಗೆ ಸೆಂಟರಿನ ಮಾಲೀಕರೇ ಬಂದು ಸ್ವಿಚ್ ಆರಿಸಿದರು.

"ಮೇಡಂ, ಇಂಥಾವು ಇಲ್ಲಿ ತೆರೀಬ್ಯಾಡ್ರಿ. ಹೆಣ್ಮಕ್ಕಳು ಬರೋ ಜಾಗಾ ಅದ," ಎಂದರು.

ಅವರು ನಮ್ಮ ಯಜಮಾನರಿಗೆ ಪರಿಚಯದವರು. ದನಿ ಏರಿಸಲಿಲ್ಲ, ಮೆಲ್ಲಗೇ ಹೇಳಿದರು. ಅದಕ್ಕೇ ಹೆಚ್ಚು ಚುಚ್ಚಿತು. ಬೇಕೆಂದು ತೆರೆದದ್ದಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಿದರೂ, ಕರೆಯದೆ ಇಂಥವು ಹೇಗೆ ಬಂದವು ಎಂಬುದು ನನಗೇ ಗೊತ್ತಿರಲಿಲ್ಲ.

ಮುಂದಿನ ವಾರ ಯಾರೂ ಇಲ್ಲದ ಹೊತ್ತು ನೋಡಿ ಹೋಗಿ, ಆ ಪತ್ರಗಳಿಗೆಲ್ಲ ಉತ್ತರ ಬರೆದೆ. "ಮಾನ್ಯರೇ, ನಾನೊಬ್ಬ ಶಿಕ್ಷಕಿ. ದಯವಿಟ್ಟು ನನಗೆ ಇಂಥ ಪತ್ರಗಳನ್ನು ಕಳಿಸಬೇಡಿ" ಎಂದು, ರಜೆ ಅರ್ಜಿ ಬರೆಯುವಷ್ಟು ವಿನಯದಿಂದ, ಹನ್ನೊಂದು ಪತ್ರ. ಅದಾದ ಮೇಲೆ ಬರುವ ಪತ್ರಗಳು ಎರಡರಷ್ಟಾದವು, ಆಮೇಲೆ ಲೆಕ್ಕ ತಪ್ಪಿದವು.

ಇದೇ ಸಮಯದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿಯುಸಿ ಮುಗಿಸಿದಳು. ದುಬಲಗುಂಡಿಯವಳು. ತಾಯಿ ಕೂಲಿಗೆ ಹೋಗಿ ಓದಿಸಿದ್ದರು. ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ನರ್ಸ್ ತರಬೇತಿ, ಊಟ ವಸತಿ ಎಲ್ಲ ಉಚಿತ ಎಂದು ಯಾರೋ ಹೇಳಿದ್ದನ್ನು ಕೇಳಿ ತಾಯಿ ಮಗಳು ಅರ್ಜಿ ಹಿಡಿದು ಶಾಲೆಗೆ ಬಂದರು. ಅರ್ಜಿಯಲ್ಲಿ ಇ-ಮೇಲ್ ವಿಳಾಸ ಕೇಳಿದ್ದರು. ಆಯ್ಕೆಯಾದರೆ ಅದಕ್ಕೇ ತಿಳಿಸುವುದಾಗಿ ಬರೆದಿತ್ತು.

"ನಂದೇ ಹಾಕು. ಪತ್ರ ಬಂದ ಕೂಡ್ಲೆ ನಾ ಹೇಳಿ ಕಳಸ್ತೀನಿ," ಎಂದೆ.

"ನಿಮ್ ಕೈಯಾಗ ಕೊಟ್ಟೇವ್ರಿ ಅಕ್ಕೋರ, ಇನ್ ನಮಗೇನ್ ಫಿಕರ್ ಇಲ್ಲ," ಎಂದರು ತಾಯಿ.

ಅದಾದ ಮೇಲೆ ನಾನು ಒಂದೇ ಒಂದು ಸಲ ಸೆಂಟರಿಗೆ ಹೋದೆ. ಮೆಟ್ಟಿಲು ಹತ್ತಿ ಬಾಗಿಲವರೆಗೆ ಹೋದಾಗ ಒಳಗೆ ಕೂತಿದ್ದ ಇಬ್ಬರು ತಿರುಗಿ ನೋಡಿದರು. ಅವರಿಗೆ ನಾನು ಯಾರೆಂದು ಗೊತ್ತಿತ್ತೋ ಇಲ್ಲವೋ. ನಾನು ಝೆರಾಕ್ಸಿಗೆ ಬಂದವಳಂತೆ ಹಾಗೇ ಇಳಿದುಬಂದೆ. ನಾಳೆ ಹೋದರಾಯಿತು ಎಂದುಕೊಂಡೆ. ಹೀಗೆ ಮೂರು ವಾರ ಹೋದವು.

ಆ ಹುಡುಗಿ ನಡುವೆ ಎರಡು ಸಲ ಬಂದು ಕೇಳಿದಳು.

"ಪತ್ರ ಬಂತೇನ್ರಿ ಟೀಚರ್?"

"ಇನ್ನಾ ಬಂದಿಲ್ಲವ್ವಾ," ಎಂದೆ. ನೋಡಿಯೇ ಇರಲಿಲ್ಲ. ಆ ಕೊಳಕು ಪತ್ರಗಳು ಬಂದದ್ದು ನನ್ನ ತಪ್ಪಲ್ಲ. ಆ ಮಾತು ಮಾತ್ರ ನನ್ನದೇ.

ಎರಡನೆಯ ಸಲ ಅವಳು ಮುಖ ಸಣ್ಣ ಮಾಡಿಕೊಂಡು ಹೋದದ್ದು ನೋಡಿ ತಡೆಯಲಾಗಲಿಲ್ಲ. ಬಸವಕಲ್ಯಾಣದಲ್ಲಿ ನಮ್ಮ ಓಣಿಯಿಂದ ಸ್ವಲ್ಪ ದೂರದಲ್ಲಿ ಒಬ್ಬ ಹೆಣ್ಣುಮಗಳು ಕಂಪ್ಯೂಟರ್ ಕಲಿಸುತ್ತಿದ್ದಳು. ಭಾನುವಾರ ಅವಳ ಹತ್ತಿರ ಹೋಗಿ, ಬಾಗಿಲು ಮುಂದೆ ಮಾಡಿ, ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. ನನ್ನ ಇನ್‌ಬಾಕ್ಸ್ ತೆರೆದು, "ಅಯ್ಯ ಮೇಡಂ, ಡಬ್ಬಿ ಪೂರಾ ತುಂಬ್ಯಾದಲ್ರಿ," ಎಂದಳು. ನೂರಾರು ಪತ್ರಗಳು. ಇನ್ನೊಂದು ಪತ್ರಕ್ಕೂ ಜಾಗವಿರಲಿಲ್ಲ.

"ನಾ ಬ್ಯಾಡ ಅಂತ ಬರದಿದ್ದೆ. ಆದ್ರೂ ಯಾಕ ಕಳಸ್ತಾರ?"

"ನೀವ್ ಹಂಗ ಬರದದ್ದಕ್ಕೇ ಹೆಚ್ಚಾಗ್ಯಾವ್ರಿ. ಇದಕ್ಕ ಸ್ಪ್ಯಾಮ್ ಅಂತಾರ. ಯಾವ ಮನುಷ್ಯಾನೂ ಕುಂತು ನಿಮಗಂತ ಬರದಿದ್ದಲ್ಲ. ಮಷೀನ್ ಲಕ್ಷಗಟ್ಲೆ ವಿಳಾಸಕ್ಕ ಒಗೀತದ. ಅದ್ರಾಗ ಯಾವ್ದು ಖರೇ ಅದ, ಯಾವ್ದು ಸುಳ್ಳ ಅದ ಅವರಿಗೂ ಗೊತ್ತಿರಂಗಿಲ್ಲ. ನೀವ್ ಜವಾಬ್ ಕೊಟ್ರಿ ಅಂದ್ರ, ಇಲ್ಲಿ ಮಂದಿ ಇದ್ದಾರ ಅಂತ ನೀವೇ ತೋರಿಸಿಕೊಟ್ಟಂಗ ಆತು. ಜವಾಬ್ ಕೊಡಬ್ಯಾಡ್ರಿ, ತೆರೀಬ್ಯಾಡ್ರಿ, ಅಳಸಿ ಒಗೀರಿ. ಕಂಡಕಂಡಲ್ಲಿ ವಿಳಾಸಾನೂ ಕೊಡಬ್ಯಾಡ್ರಿ."

ನನಗೆ ಒಂದು ಕ್ಷಣ ಹಗುರವಾಯಿತು. ಯಾರೋ ನನ್ನನ್ನು ಬಲ್ಲವನೇ ಆರಿಸಿ ಆರಿಸಿ ಆ ಮಾತುಗಳನ್ನು ಕಳಿಸುತ್ತಿದ್ದಾನೆ ಎಂದು ನಾನು ಒಳಗೊಳಗೇ ಹೆದರಿದ್ದೆ. ಹಾಗೆ ಯಾರೂ ಇರಲಿಲ್ಲ. ಮರುಕ್ಷಣವೇ, ಯಾರೂ ಇಲ್ಲದ ಕಡೆಗೆ ಇಷ್ಟು ದಿನ ನಾಚಿಕೊಂಡು ಕೂತಿದ್ದೆನಲ್ಲ ಎನಿಸಿತು.

ಇಬ್ಬರೂ ಕೂತು ಪುಟ ಪುಟವಾಗಿ ಅಳಿಸಿದೆವು. ಮಧ್ಯಾಹ್ನವೆಲ್ಲ ಹಿಡಿಯಿತು. ಹೈದರಾಬಾದಿನ ಪತ್ರ ಅದರಲ್ಲೆಲ್ಲೂ ಇರಲಿಲ್ಲ.

ಸೋಮವಾರ ಎಸ್‌ಟಿಡಿ ಬೂತಿನಿಂದ ಸಂಸ್ಥೆಗೆ ಫೋನ್ ಮಾಡಿದೆ. ಎರಡು ಸಲ ಕಳಿಸಿದ್ದೆವು, ಎರಡು ಸಲವೂ ಮರಳಿ ಬಂತು, ಸೇರುವ ಗಡುವು ಮುಗಿದು ನಾಲ್ಕು ದಿನವಾಯಿತು ಎಂದರು. ಮರುದಿನ ಹುಡುಗಿಯನ್ನು ಕರೆದುಕೊಂಡು ನಾನೇ ಹೈದರಾಬಾದಿಗೆ ಹೋದೆ. ಅಲ್ಲಿದ್ದ ಹೆಣ್ಣುಮಗಳು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಡಬ್ಬಿ ತುಂಬಿದೆ ಎಂದು ಮರಳಿ ಬಂದ ಪತ್ರದ ಪ್ರಿಂಟ್ ತೋರಿಸಿದರು. ಸೀಟು ಪಟ್ಟಿಯಲ್ಲಿ ಮುಂದಿನವಳಿಗೆ ಹೋಗಿತ್ತು. ಆಕೆ ಬಂದು ಸೇರಿಯೂ ಆಗಿತ್ತು. ಅವಳನ್ನು ಎಬ್ಬಿಸಿ ಕಳಿಸಿ ಎಂದು ಹೇಗೆ ಕೇಳುವುದು?

ಮರಳುವಾಗ ಬಸ್ಸು ಜಹೀರಾಬಾದ್ ದಾಟಿತು. ಆಮೇಲೆ ಹುಡುಗಿ ಕೇಳಿದಳು, "ಟೀಚರ್, ನಿಮಗ ಅಷ್ಟು ಪತ್ರ ಯಾರ್ ಬರೀತಾರ್ರಿ?"

ಚುಚ್ಚಲು ಕೇಳಿದ ಮಾತಲ್ಲ. ಅವಳಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು. "ಯಾರ್ಯಾರೋ," ಎಂದು ಕಿಟಕಿಯ ಕಡೆ ತಿರುಗಿದೆ.

ಅವಳ ತಾಯಿಗೆ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮುಂದಿನ ಭಾನುವಾರ ದುಬಲಗುಂಡಿಗೆ ಹೋದೆ. ಅವರು ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ಮಗಳನ್ನು ನೀರಿಗೆ ಕಳಿಸಿ, ಎಲ್ಲವನ್ನೂ ಹೇಳಿದೆ: ಎಂಥ ಪತ್ರಗಳು, ಸೆಂಟರಿನಲ್ಲಿ ಏನಾಯಿತು, ಮೂರು ವಾರ ಯಾಕೆ ಹೋಗಲಿಲ್ಲ, ನೋಡದೆಯೇ ಬಂದಿಲ್ಲ ಎಂದು ಹೇಳಿದ್ದು. ಅವರು ಮೊರ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಹೊಲಸು ಮಾತು ನಮಗೂ ಬೀಳ್ತಾವ್ರಿ ಅಕ್ಕೋರ," ಎಂದರು. "ಹೊಲ್ದಾಗ, ಬಸ್ಸಿನ್ಯಾಗ, ದಿನಾ ಬೀಳ್ತಾವ. ಹಂಗಂತ ಕೂಲಿಗಿ ಹೋಗೋದು ಬಿಟ್ಟೀವೇನ್ರಿ?"

ಅವರು ಮಡಿಲಿಗೆ ಸಿಡಿದಿದ್ದ ಕಾಳು ಆರಿಸಿ ಮೊರಕ್ಕೆ ಹಾಕಿದರು.

"ಶರಮ್ ನಿಮ್ದು. ವರ್ಷ ಹೋಗಿದ್ದು ನನ್ ಮಗಳ್ದು."

ಸಿಟ್ಟಿನಿಂದ ಕೂಗಿದ್ದರೆ ತಾಳಿಕೊಳ್ಳಬಹುದಿತ್ತು. ಅವರು ಮತ್ತೆ ಮೊರ ಕೈಗೆ ತೆಗೆದುಕೊಂಡರು. ಮಗಳು ತಂದ ನೀರು ಕುಡಿದು ಎದ್ದು ಬಂದೆ.

ಆ ವಿಳಾಸವನ್ನು ಬಿಟ್ಟು ಹೊಸದೊಂದು ಮಾಡಿಕೊಂಡೆ. ನಾಲ್ಕೇ ಜನರಿಗೆ ಕೊಟ್ಟೆ. ಒಂದು ದಿನ ಧೈರ್ಯ ಮಾಡಿ ಸ್ಟಾಫ್‌ರೂಮಿನಲ್ಲಿ ಈ ಮಾತು ತೆಗೆದಾಗ, ತರಬೇತಿಗೆ ನನ್ನ ಜೊತೆ ಬಂದಿದ್ದ ಗಣಿತದ ಶಿಕ್ಷಕಿ ಬಾಗಿಲ ಕಡೆ ನೋಡಿ, "ನನಗೂ ಬರ್ತಿದ್ವು. ಅದಕ್ಕೇ ನಾ ಕಂಪ್ಯೂಟರ್ ಮುಟ್ಟೋದೇ ಬಿಟ್ಟೆ," ಎಂದರು. ಒಂದೇ ಬಸ್ಸಿನಲ್ಲಿ ದಿನಾ ಕೂತು ಬರುತ್ತಿದ್ದವರು ನಾವು.

ಹುಡುಗಿ ಆ ವರ್ಷ ತಾಯಿಯ ಜೊತೆ ಕಳೆ ತೆಗೆಯಲು ಹೋದಳು. ಮರುವರ್ಷ ಬೇರೊಂದು ಕಡೆ ಅರ್ಜಿ ಹಾಕಿದಾಗ ಶಾಲೆಯ ಅಂಚೆ ವಿಳಾಸ ಕೊಟ್ಟಳು. ಸೀಟು ಸಿಕ್ಕಿತು, ನರ್ಸ್ ಆದಳು. ಶಾಲೆಯಲ್ಲಿ ಅವಳಿಗಿಂತ ಒಂದು ತರಗತಿ ಹಿಂದಿದ್ದ ಇಬ್ಬರು ಹುಡುಗಿಯರು ಅಲ್ಲಿ ಅವಳ ಜೊತೆಯಲ್ಲೇ ಕಲಿತರು. ಒಂದೇ ಬೆಂಚಿನಲ್ಲಿ ಕೂತರೂ ಅವರು ಅವಳನ್ನು ಕೊನೆಯವರೆಗೆ ಅಕ್ಕ ಎಂದೇ ಕರೆಯುತ್ತಿದ್ದರಂತೆ. ರಜೆಗೆ ಬಂದಾಗ ಅವಳೇ ಇದನ್ನು ನಗುತ್ತ ಹೇಳಿದಳು. ನನಗೆ ನಗಲಾಗಲಿಲ್ಲ.