ಜಾಣೆಯರೇ ಫೇಲಾಗುತ್ತಿದ್ದ ಶಾಲೆ

ಲೆಕ್ಕ ಮುಗಿದ ಕೂಡಲೇ ಫಕ್ರುನ್ನೀಸಾ ಸ್ಲೇಟಿನ ಮೇಲೆ ಒದ್ದೆ ಬಟ್ಟೆ ಎಳೆದುಬಿಟ್ಟಳು. ಅಷ್ಟರಲ್ಲೇ ಬಾಗಿಲಲ್ಲಿ ನಿಂತಿದ್ದ ಜಗದಾಂಬ ಅವರ ಕಣ್ಣಿಗೆ ಉತ್ತರ ಬಿದ್ದಿತ್ತು. ಸರಿಯಾಗಿತ್ತು. ಅದು ಏಳನೇ ಕ್ಲಾಸಿನ ಬಡ್ಡಿ ಲೆಕ್ಕ. ಹುಡುಗಿ ಇದ್ದದ್ದು ನಾಲ್ಕನೇ ಕ್ಲಾಸಿನಲ್ಲಿ, ಅದೂ ಮೂರನೇ ವರ್ಷ.

ಯಾಕೆ ಒರೆಸಿದೆ ಎಂದು ಕೇಳಿದರು.

"ಎಂಗಿದ್ರೂ ತಪ್ಪೇ ಅಲ್ವಾ ಮೇಷ್ಟ್ರಮ್ಮ. ನೀವು ನೋಡೋಕೆ ಮುಂಚೆ ಅಳಿಸ್ಬುಟ್ರೆ ಆಯ್ತು."

ದನಿಯಲ್ಲಿ ದೂರಿರಲಿಲ್ಲ. ಅಂಗಳ ಗುಡಿಸಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು.

ಅದು ೧೯೫೯ರ ಮಾರ್ಚ್, ಕಳ್ಳಂಬೆಳ್ಳದ ಕಡೆಯ ಒಂದು ಹಳ್ಳಿಯ ಹೆಣ್ಣುಮಕ್ಕಳ ಪ್ರೈಮರಿ ಶಾಲೆ. ಮಧ್ಯಾಹ್ನ ಇನ್‌ಸ್ಪೆಕ್ಟರು ಬರುವವರಿದ್ದರು. ಇವತ್ತು ಒರೆಸಬೇಡ, ಅವರು ಕೇಳಿದ್ದಕ್ಕೆಲ್ಲ ಗೊತ್ತಿರುವುದನ್ನು ಹೇಳು ಎಂದರು ಜಗದಾಂಬ. ಹುಡುಗಿ ತಲೆಯಾಡಿಸಿ ಬಟ್ಟೆಯನ್ನು ಹಿಂಡಿ ಕಿಟಕಿಯ ಮೇಲೆ ಹರವಿದಳು.

ಜಗದಾಂಬ ಮಧುಗಿರಿಯವರು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡರು. ತವರಿನವರು ಟ್ರೇನಿಂಗಿಗೆ ಸೇರಿಸಿದರು, ಐವತ್ತಮೂರರಲ್ಲಿ ಸರ್ಕಾರ ಈ ಊರಿಗೆ ಹಾಕಿತು. ಮೊದಲ ಎರಡು ವರ್ಷ ಅವರು ಶಾಲೆಗೆ ಹೋಗುತ್ತಿದ್ದದ್ದು ಮದುವೆ ಮನೆಗೆ ಹೋಗುವವರ ಹಾಗೆ. ಬಿಸಿಲೇರುವ ಮುಂಚೆಯೇ ಬೀಗ ತೆಗೆದು, ಬೋರ್ಡಿನ ಮೇಲೆ ಹಕ್ಕಿಯನ್ನೋ ಹೂವನ್ನೋ ಬರೆದು ಕಾಯುತ್ತಿದ್ದರು. ಮಕ್ಕಳಿಗೂ ಅದು ಅಂಟಿಕೊಂಡಿತ್ತು. ನಾಲ್ಕನೇ ಕ್ಲಾಸಿನವರು ಎಲ್ಲರೂ ಪಾಸಾದರು. ಜೂನ್ ತಿಂಗಳಲ್ಲಿ ಅವರಲ್ಲಿ ಒಬ್ಬಳೂ ಮಿಡ್ಲ್ ಸ್ಕೂಲಿಗೆ ಹೋಗಲಿಲ್ಲ.

ಆ ಊರಿನಲ್ಲಿ, ಯಾವ ಜಾತಿಯವರೇ ಇರಲಿ, ನಾಲ್ಕನೇ ಕ್ಲಾಸು ಪಾಸು ಅಂದರೆ ಹೆಣ್ಣಿನ ಓದು ಮುಗಿಯಿತು ಎಂದೇ ಲೆಕ್ಕ. ಗಂಡಿನ ಕಡೆಯವರು ಕೇಳುತ್ತಿದ್ದದ್ದೂ ಅಷ್ಟನ್ನೇ. ಪಟಾಲಮ್ಮ ಎಂಬ ಹುಡುಗಿ ಕನ್ನಡ ಪದ್ಯಗಳನ್ನು ಒಂದೇ ಸಲ ಕೇಳಿ ಒಪ್ಪಿಸುತ್ತಿದ್ದವಳು. ಅವಳು ಒಂದೆರಡು ವರ್ಷದ ಮೇಲೆ ಶಿರಾ ಬಸ್ಸಿಗೆ ಕಾಯುತ್ತಾ ಸಿಕ್ಕಿದಳು. ಬಸ್ಸು ಬಂದಾಗ, ಎಲ್ಲಿಗೆ ಹೋಗುತ್ತದೆ ಓದು ನೋಡೋಣ ಎಂದರು ಜಗದಾಂಬ. ಅವಳು ಬೋರ್ಡನ್ನೇ ನೋಡಿದಳು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮರ್ತೋಯ್ತು ಕಣ್ರಮ್ಮ."

ದಾರಿ ತೋರಿಸಿದ್ದು ಒಂದು ಜ್ವರ. ಜ್ವರ ಬಂದು ಪರೀಕ್ಷೆಗೆ ಕೂರದ ಹುಡುಗಿಯೊಬ್ಬಳನ್ನು ಅಪ್ಪ ಇನ್ನೊಂದು ವರ್ಷ ಶಾಲೆಯಲ್ಲೇ ಬಿಟ್ಟ. ಪಾಸಾಗದೆ ಬಿಡಿಸುವುದು ಅವಮಾನ. ಮುಂದಿನ ವರ್ಷದಿಂದ ಜಗದಾಂಬ ಅತ್ಯಂತ ಜಾಣೆಯರನ್ನು ಆರಿಸಿ ಫೇಲು ಮಾಡತೊಡಗಿದರು. ಉಳಿದವರು ಪಾಸಾಗಿ ಮನೆಗೆ ಹೋದರು. ಉಳಿಸಿಕೊಂಡವರಿಗೆ ಮಧ್ಯಾಹ್ನದ ಹೊತ್ತು ಐದು, ಆರು, ಏಳನೇ ಕ್ಲಾಸಿನ ಪಾಠ ನಡೆಯುತ್ತಿತ್ತು. ಅದು ಯಾವ ಕ್ಲಾಸಿನದೆಂದು ಹೇಳುತ್ತಿರಲಿಲ್ಲ. ಹೇಳಿದರೆ ಸಂಜೆಗೆ ಮನೆ ಮುಟ್ಟುತ್ತದೆ. ಅದೇ ಭಯಕ್ಕೆ ಸರಿ ಎಂಬ ಮಾತೂ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಉತ್ತರ ಸರಿ ಬಂದರೆ ಅದಕ್ಕಿಂತ ಕಷ್ಟದ್ದೊಂದು ಲೆಕ್ಕ ಕೊಡುತ್ತಿದ್ದರು, ಅಷ್ಟೆ. ಆ ಮಧ್ಯಾಹ್ನಗಳ ಸಂತೋಷವೆಲ್ಲ ಅವರೊಬ್ಬರದೇ. ಮಕ್ಕಳಿಗೆ ಸಿಕ್ಕಿದ್ದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಾ ಹೋದ ನಾಲ್ಕನೇ ಕ್ಲಾಸು.

ಎರಡನೇ ಸಲ ಫೇಲಾದರೆ ಸಾಮಾನ್ಯವಾಗಿ ಯಾವ ಅಪ್ಪನೂ ತಾಳುತ್ತಿರಲಿಲ್ಲ. ತಾಳಿದವನು ಕಲಾಯಿ ಇಸಾಕ್ ಒಬ್ಬನೇ. ಊರೂರಿನ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ ಅವನದು. ಶಾಲೆಯ ನೀರಿನ ಕೊಳಗಕ್ಕೂ ಪ್ರತಿ ದಸರೆಗೆ ಅವನೇ ಬಿಟ್ಟಿ ಕಲಾಯಿ ಹಾಕುತ್ತಿದ್ದ. ಹೀಗೆ ಕೊನೆಗೆ ಉಳಿದವಳು ಅವನ ಮಗಳು ಫಕ್ರುನ್ನೀಸಾ. ಇನ್‌ಸ್ಪೆಕ್ಟರು ಅವಳ ತಿಳಿವಳಿಕೆ ಕಂಡು ಒಪ್ಪಿದರೆ ಮಿಡ್ಲ್ ಸ್ಕೂಲು ಮುಗಿಸುವವರ ಲೋಯರ್ ಸೆಕೆಂಡರಿ ಪರೀಕ್ಷೆಗೆ ಮನೆಯಿಂದಲೇ ಕಟ್ಟಿಸಬಹುದು, ಸರ್ಕಾರದವರೇ ಹೇಳಿದ ಮೇಲೆ ಇಸಾಕ್ ಬೇಡ ಅನ್ನಲಾರ ಎಂದು ಜಗದಾಂಬ ಲೆಕ್ಕ ಹಾಕಿದ್ದರು.

ಇನ್‌ಸ್ಪೆಕ್ಟರ್ ಶಂಕರಲಿಂಗಪ್ಪ ಕೆಟ್ಟವರಲ್ಲ. ಜಗದಾಂಬ ಹೇಳಿದ್ದನ್ನು ಕೊನೆಯವರೆಗೂ ಕೇಳಿ, ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆದು ಒಂದು ಬಡ್ಡಿ ಲೆಕ್ಕ ಕೊಟ್ಟರು. ಅವಳು ಸೀಮೆಸುಣ್ಣ ಹಿಡಿದು ನಿಂತಳು. ಅವರು ಲೆಕ್ಕವನ್ನು ಸುಲಭ ಮಾಡಿದರು, ಮತ್ತೂ ಸುಲಭ ಮಾಡಿದರು. ಕೊನೆಗೆ ಮಗ್ಗಿಗೆ ಇಳಿದರು.

"ಹದಿಮೂರೇಳ್ಲಿ ಎಷ್ಟಮ್ಮ?"

ತುಟಿ ಅಲುಗಿತು. ತೊಂಬತ್ತೊಂದು ಎಂದು ಆ ತುಟಿಯ ಮೇಲೆ ಜಗದಾಂಬ ಓದಿಕೊಂಡರು. ಹುಡುಗಿ ಒಂದು ಸಲ ಅವರ ಮುಖ ನೋಡಿದಳು. ಆ ಮುಖ ಅಷ್ಟು ಕಾತರವಾಗಿದ್ದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ತಪ್ಪು ಮಾಡುತ್ತಿದ್ದೇನೆ ಎಂದುಕೊಂಡಳು.

"ಗೊತ್ತಿಲ್ಲ ಸಾ."

ಶಂಕರಲಿಂಗಪ್ಪ ಎದ್ದು ಟೋಪಿ ಹಾಕಿಕೊಂಡರು. ಮೂರು ವರ್ಷ ಕೂರಿಸಿ ಮಗ್ಗಿ ಬರಲಿಲ್ಲ ಅಂದರೆ ತಪ್ಪು ಹುಡುಗಿಯದಲ್ಲ ಎಂದಷ್ಟೇ ಹೇಳಿ ಹೊರಟರು. ಕಿಟಕಿಯ ಬಟ್ಟೆ ಒಣಗಿ ಗರಿಗರಿಯಾಗಿತ್ತು.

ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಇಸಾಕ್ ಬಂದ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಾರದೆ ಹೊಸಿಲಾಚೆಯೇ ನಿಂತ.

"ನಮ್ ಹುಡ್ಗಿ ತಲೆಗೆ ಹತ್ತಲ್ಲ ಕಣ್ರಮ್ಮ. ನಿಮ್ಗೂ ಸುಮ್ನೆ ತೊಂದ್ರೆ. ಬಿಡಿಸ್ಬುಡ್ತೀನಿ."

"ಅವಳು ದಡ್ಡಿಯಲ್ಲ ಇಸಾಕ್ ಸಾಬ್ರೆ. ಈ ಶಾಲೆಯಲ್ಲಿ ಅಂಥ ಹುಡುಗಿ ಇನ್ನೊಬ್ಬಳಿಲ್ಲ. ಬೇಕೂಂತ ಫೇಲು ಮಾಡಿದ್ದು ನಾನು."

ಇಸಾಕ್ ಅವರನ್ನು ಕನಿಕರದಿಂದ ನೋಡಿದ. ಅವನಿಗೆ ಬೇಕಾಗಿದ್ದದ್ದು ಸಿಟ್ಟು ಮಾಡುವ ಕಾರಣವಲ್ಲ, ಮರ್ಯಾದೆಯಿಂದ ಹೊರಡುವ ದಾರಿ.

"ನಿಮ್ದು ದೊಡ್ಡ ಮನಸು. ದಡ್ಡ ಮಕ್ಕಳ ತಪ್ನೂ ನಿಮ್ ಮೇಲೇ ಹಾಕ್ಕಂತೀರಿ."

ಅವನ ಹಿಂದೆ ನಿಂತಿದ್ದ ಫಕ್ರುನ್ನೀಸಾ ಹೌದೆಂಬಂತೆ ತಲೆಯಾಡಿಸಿದಳು. ಜಗದಾಂಬ ಇನ್ನೊಂದು ಸಲ ಹೇಳಿದರು. ಅದನ್ನೂ ಅಪ್ಪ ಮಗಳು ಸೌಜನ್ಯವೆಂದೇ ತಿಳಿದರು.

ಆ ಜೂನ್‌ನಲ್ಲಿ ಜಗದಾಂಬ ಅವರಿಗೆ ಪಾವಗಡ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ಅವರಿಗೆ ಒಂದನೇ ಕ್ಲಾಸು ಕೊಟ್ಟರು, ರಿಟೈರಾಗುವ ತನಕ ಅದೇ ಇತ್ತು. ಯಾರನ್ನೂ ಫೇಲು ಮಾಡಲಿಲ್ಲ, ಬೋರ್ಡಿನ ಮೇಲೆ ಹಕ್ಕಿ ಬರೆಯಲೂ ಇಲ್ಲ. ಫಕ್ರುನ್ನೀಸಾಳ ನಿಕಾಹ್ ೧೯೬೩ರಲ್ಲಿ ಶಿರಾದಲ್ಲಿ ನಡೆಯಿತು. ರುಜು ಹಾಕಲು ಪೆನ್ನು ಮುಂದೆ ಹಿಡಿದಾಗ ಅವಳು ಬೇಡವೆಂದು ಹೆಬ್ಬೆಟ್ಟು ಚಾಚಿದಳು.