‘ಇಲ್ಲ’ ಎಂದು ಒತ್ತಿಸಿದವನು ನಾನು

ಮಂಜುಳಾ ಅವರೇ, ಅಂದು ಆಸ್ಪತ್ರೆಯಲ್ಲಿ ನೀವು ಬಾಯಿ ತೆರೆದಿರಿ, ಮುಚ್ಚಿಸಿದವನು ನಾನು. ಆಮೇಲೆ ನಿಮ್ಮ ಗಂಡ ಬಂದು ಕೇಳಿದಾಗ ‘ನೆನಪಿಲ್ಲ’ ಎಂದೆ — ಅದು ಸುಳ್ಳು. ನನಗೆ ಆಗಲೂ ಎಲ್ಲ ನೆನಪಿತ್ತು. ಈಗಲೂ ಇದೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಇಷ್ಟು ವರ್ಷ ವರದಿಗಾರನಾಗಿದ್ದು ಕಲಿತದ್ದು ಅದೊಂದೇ.

ಚಿತ್ರದುರ್ಗದ ಆ ಖಾಸಗಿ ಆಸ್ಪತ್ರೆಗೆ ಆಗಷ್ಟೇ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಬಂದಿತ್ತು. ಯಾರನ್ನು ಮೊದಲು ನೋಡಬೇಕು, ಯಾವ ಹಾಸಿಗೆ ಯಾರಿಗೆ, ಯಾವ ನರ್ಸು ಯಾವ ವಾರ್ಡಿಗೆ — ಎಲ್ಲವನ್ನೂ ಅದೇ ಹೇಳುತ್ತಿತ್ತು. ಮೊದಲು ಬಾಗಿಲ ಬಳಿ ಕೂತು ಬಂದವರ ಮುಖ ನೋಡುತ್ತಿದ್ದ ನರ್ಸನ್ನು ಮೇಲಿನ ಮಹಡಿಗೆ ಕಳಿಸಿದ್ದರು. ಆ ಜಾಗದಲ್ಲಿ ಈಗ ಒಂದು ಪರದೆ, ಪಕ್ಕದಲ್ಲಿ ಗುಂಡಿ ಒತ್ತಲು ಒಬ್ಬ ಹುಡುಗಿ. ಪರದೆ ಕನ್ನಡದಲ್ಲೇ ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕಂತೆ ಬಣ್ಣದ ಚೀಟಿ ಕೊಡುತ್ತಿತ್ತು. ಕೆಂಪಾದರೆ ನೇರ ಒಳಗೆ. ಹಸಿರಾದರೆ ಕರೆಯುವವರೆಗೆ ಬೆಂಚು.

ಅದರ ಬಗ್ಗೆ ಬರೆಯಲು ನಾನು ಹೋಗಿದ್ದೆ, ಜೊತೆಗೆ ಫೋಟೊಗ್ರಾಫರ್. ತುರುವನೂರಿನಿಂದ ಬಸ್ಸಿನಲ್ಲಿ ನಿಮ್ಮ ಅತ್ತೆ ತಿಪ್ಪಮ್ಮನವರನ್ನು ಕರೆತಂದು ನೀವು ಸಾಲಿನಲ್ಲಿದ್ದಿರಿ. ಅವರ ಸರದಿ ಬಂತು. ಪರದೆ ಕೇಳಿತು: ‘ನಮಸ್ಕಾರ, ಹೇಗಿದ್ದೀರಿ?’

ಅವರು ಸೆರಗು ಸರಿಮಾಡಿಕೊಂಡು ಪರದೆಗೇ ಕೈಮುಗಿದರು. ‘ಚೆನ್ನಾಗಿದೀನಪ್ಪ. ನೀನು ಚೆನ್ನಾಗಿದೀಯ? ಊಟ ಆತಾ?’

ಸಾಲಿಗೆ ಸಾಲೇ ನಕ್ಕಿತು. ಹಿಂದಿದ್ದವರೊಬ್ಬರು, ‘ಅಜ್ಜಿ, ಅದಕ್ಕೆ ಊಟ ಬ್ಯಾಡ, ಕರೆಂಟ್ ಸಾಕು’ ಎಂದರು.

‘ಹಂಗಾರೆ ನಮ್ಮೂರಾಗೆ ಇಟ್ರೆ ಉಪಾಸ ಬೀಳ್ತೈತೆ ಬಿಡು’ ಎಂದರು ನಿಮ್ಮ ಅತ್ತೆ.

ಫೋಟೊಗ್ರಾಫರ್ ನನ್ನತ್ತ ನೋಡಿದ. ಇಂಥ ಚಿತ್ರ ಕೇಳಿದರೆ ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಇನ್ನೊಂದು ವಿಷಯವೂ ಗೊತ್ತಿತ್ತು — ನಾನು ಹೊಳಲ್ಕೆರೆಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಕಡೆ ‘ಹೇಗಿದ್ದೀರಿ’ ಎಂದವರ ಎದುರು ಯಾರೂ ನೋವು ತೋಡಿಕೊಳ್ಳುವುದಿಲ್ಲ. ಹಾಸಿಗೆ ಹಿಡಿದವರೂ ಚೆನ್ನಾಗಿದೀನಿ ಎನ್ನುತ್ತಾರೆ. ಏನಾಗಿದೆ ಎಂಬುದನ್ನು ಜೊತೆಯಲ್ಲಿ ಬಂದವರು ಹೇಳಬೇಕು.

ಪರದೆ ನೋವಿದೆಯೇ ಎಂದು ಕೇಳಿತು. ‘ವಯಸ್ಸಾತು, ಇರ್ತೈತೆ ಬಿಡಪ್ಪ’ ಎಂದರು. ಆಮೇಲೆ ಅದು ಕೊನೆಯದಾಗಿ ಕೇಳಿದ್ದು: ‘ಜೊತೆಯಲ್ಲಿ ಬಂದವರು ಏನಾದರೂ ಹೇಳುವುದಿದೆಯೇ?’ ಹುಡುಗಿ ‘ಹೌದು’ ಒತ್ತಿದರೆ ಮಾತ್ರ ಅದು ಕೇಳಿಸಿಕೊಳ್ಳುತ್ತಿತ್ತು.

ನೀವು ಮುಂದೆ ಬಂದಿರಿ. ‘ಐತ್ರಿ. ಬೆಳಗ್ಗೆಯಿಂದ ಬೆವರ್ತಾ ಅವ್ರೆ, ಎಡಗೈ ಒಂಥರಾ —’

ನೀವು ಚಿತ್ರಕ್ಕೆ ಅಡ್ಡ ಬಂದಿದ್ದಿರಿ. ಅಷ್ಟೇ.

‘ಇರಮ್ಮ, ಫೋಟೊ ಆಗ್ಲಿ, ಆ ಕಡೆ ನಿಂತ್ಕ’ ಎಂದೆ. ಹುಡುಗಿಯ ಕಡೆ ತಿರುಗಿ, ‘ಇಲ್ಲ ಅಂತ ಒತ್ತಮ್ಮ. ಅಜ್ಜಿ ಚೆನ್ನಾಗೇ ಅವ್ರಲ್ಲ’ ಎಂದೆ. ಅವಳು ಒತ್ತಿದಳು. ಹಸಿರು ಚೀಟಿ ಬಂತು.

‘ಆಮ್ಯಾಲೆ ಹೇಳ್ಲಾ ಸಾರ್?’ ಎಂದು ನೀವು ನನ್ನನ್ನೇ ಕೇಳಿದಿರಿ. ನನ್ನನ್ನು ಆಸ್ಪತ್ರೆಯವನು ಎಂದುಕೊಂಡಿರಬೇಕು. ‘ಒಳಗೆ ಡಾಕ್ಟ್ರಿಗೇ ಹೇಳು’ ಎಂದು ನಾನು ಹೊರಟುಹೋದೆ.

ಒಳಗೆ ಕರೆಯುವ ಮೊದಲೇ ನಿಮ್ಮ ಅತ್ತೆ ಬೆಂಚಿನ ಮೇಲೆ ನಿಮ್ಮ ಹೆಗಲಿಗೆ ಒರಗಿ ತೀರಿಕೊಂಡರು. ಸಂಜೆ ಸುದ್ದಿ ತಲುಪಿದಾಗ ಪುಟ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಪುಟದಿಂದ ಆ ಫೋಟೊ ತೆಗೆಸಿಹಾಕಿದೆ, ಅಜ್ಜಿ ‘ಊಟ ಆತಾ’ ಎಂದು ಕೇಳಿದ ಮಾತನ್ನೂ ತೆಗೆದೆ. ಯಂತ್ರದ ಬಗ್ಗೆ ಬರೆದಿದ್ದ ಉಳಿದ ಹೊಗಳಿಕೆ ಹಾಗೆಯೇ ಅಚ್ಚಾಯಿತು. ನನಗೆ ತಿಳಿದಿರಲಿಲ್ಲ ಎನ್ನುವಂತಿಲ್ಲ — ಏನನ್ನು ತೆಗೆಯಬೇಕೆಂದು ತಿಳಿದಿತ್ತಲ್ಲ.

ನಿಮ್ಮವರು ಹೋಗಿ ಗಲಾಟೆ ಮಾಡಿದಾಗ ಆಸ್ಪತ್ರೆಯವರು ಪರದೆ ತೋರಿಸಿದರು: ಜೊತೆಯವರನ್ನು ಕೇಳಲಾಗಿದೆ, ಉತ್ತರ ‘ಇಲ್ಲ’. ನಾನು ಪೇಪರಿನವನೆಂದು ಅಲ್ಲೇ ಕೇಳಿ ತಿಳಿದು, ನಿಮ್ಮ ಗಂಡ ನಾಗರಾಜ ನಿಮ್ಮನ್ನು ಕರೆದುಕೊಂಡು ನನ್ನ ಕಚೇರಿಗೇ ಬಂದರು.

‘ಸಾರ್, ಅವತ್ತು ನೀವು ಅಲ್ಲೇ ಇದ್ರಂತೆ. ಇವ್ಳು ಹೇಳಕ್ಕೋದೆ, ಪೇಪರ್‌ನೋರು ಬ್ಯಾಡ ಅಂದ್ರು ಅಂತಾಳೆ. ಹೌದೇನ್ರಿ?’

ನೀವು ಬಾಗಿಲಲ್ಲೇ ನಿಂತಿದ್ದಿರಿ. ಹೌದು ಎಂದಿದ್ದರೆ ಸಾಕಿತ್ತು. ನಾನು — ‘ನೆನಪಿಲ್ಲಪ್ಪ, ಗದ್ದಲ ಇತ್ತು’ ಎಂದೆ.

ಅವರು ನಿಮ್ಮ ಕಡೆ ತಿರುಗಿದರು. ‘ಕೇಳಿದ್ಯೇನೇ? ನನ್ ಅವ್ವನ್ನ ಸಾಯಿಸಿ, ಮ್ಯಾಲೆ ಸುಳ್ಳು ಬ್ಯಾರೆ.’

ನೀವು ಅಳಲಿಲ್ಲ. ನನ್ನನ್ನು ಒಮ್ಮೆ ನೋಡಿ ಹೊರಗೆ ನಡೆದಿರಿ.

ಆಮೇಲೆ ನಾನು ಯಂತ್ರದ ವಿರುದ್ಧ ಅಂಕಣ ಬರೆದೆ. ಮನುಷ್ಯರ ಮುಖ ನೋಡದ ಬುದ್ಧಿಮತ್ತೆ ಎಂದೆಲ್ಲ ಬರೆದೆ. ಓದಿದವರು ಫೋನು ಮಾಡಿ ಹೊಗಳಿದರು. ಅದರಲ್ಲಿ ಬರೆದದ್ದು ಸುಳ್ಳಲ್ಲ. ಬಾಗಿಲಿನಿಂದ ಆ ನರ್ಸನ್ನು ಎಬ್ಬಿಸಿದ್ದು ತಪ್ಪೇ. ಆದರೆ ಜೊತೆಯವರು ಹೇಳುವುದಿದೆಯೇ ಎಂದು ಆ ಯಂತ್ರ ಕೇಳಿತ್ತು. ಅಲ್ಲಿ ನಿಮ್ಮ ಮುಖ ನೋಡಬಲ್ಲ ಕಣ್ಣಿದ್ದವನು ನಾನು. ಅಂಕಣದಲ್ಲಿ ಆ ಸಾಲು — ಬರೆಯಲಿಲ್ಲ.

ಕಳೆದ ತಿಂಗಳು ಹಿರಿಯೂರು ಬಸ್ ನಿಲ್ದಾಣದಲ್ಲಿ ನೀವು ಸಿಕ್ಕಿರಿ. ತವರಿಗೆ ಬಂದು ಬಹಳ ಕಾಲವಾಯಿತು, ಈಗ ಕೊಬ್ಬರಿ ಮಂಡಿಯಲ್ಲಿ ಕೆಲಸ ಎಂದಿರಿ. ಗಂಡನ ಮನೆಯ ಮಾತು ಎತ್ತಲಿಲ್ಲ. ಬೇರೇನೂ ತೋಚದೆ ಕೇಳಿದೆ: ‘ಹೇಗಿದ್ದೀಯಮ್ಮ?’

‘ಚೆನ್ನಾಗಿದೀನಿ ಸಾರ್. ಊಟ ಆತಾ?’

ಆಯಿತು ಎಂದು ಹೇಳಿ ಬಸ್ಸು ಹತ್ತಿದೆ. ಊಟ ಆಗಿರಲಿಲ್ಲ.

ಈ ಭಾನುವಾರ ತುರುವನೂರಿಗೆ ಹೋಗುತ್ತೇನೆ. ನಾಗರಾಜ ಅವರ ಮನೆಯಲ್ಲಿ, ಅವರ ಹಿರಿಯರ ಎದುರು, ಇಲ್ಲಿ ಬರೆದದ್ದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಅದರಿಂದ ನಿಮಗೆ ಏನು ಮರಳಿ ಬರುತ್ತದೋ ಗೊತ್ತಿಲ್ಲ. ಬಹುಶಃ ಏನೂ ಇಲ್ಲ. ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ‘ಪರವಾಗಿಲ್ಲ ಸಾರ್’ ಎನ್ನುತ್ತೀರಿ, ನಾನು ಅದನ್ನೂ ನಂಬಿ ಹಿಂತಿರುಗುತ್ತೇನೆ.

ನೀವು ಚೆನ್ನಾಗಿಲ್ಲ. ಅಂದು ನಿಮ್ಮ ಅತ್ತೆಯೂ ಚೆನ್ನಾಗಿರಲಿಲ್ಲ. ಎರಡು ಸಲವೂ ನನಗೆ ಗೊತ್ತಿತ್ತು.