ಕ್ಲೀನ್ ಸೀಟು

ನಮ್ಮ ಮದ್ದೂರಿನಲ್ಲಿ ‘ಕ್ಲೀನ್’ ಎಂದರೆ ಗುಡಿಸಿ ಒರೆಸುವುದು ಎಂದಷ್ಟೇ ತಿಳಿದುಕೊಂಡಿದ್ದರೆ, ನೀವು ಬಾಡಿಗೆ ವ್ಯಾನು ಇಟ್ಟವರಲ್ಲ ಎಂದು ಅರ್ಥ. ಸೀಟು ಹೊಲಿಯುವವನ ಅಂಗಡಿಗೆ ಬಂದವನು ‘ಅಣ್ಣ, ಕ್ಲೀನಾಗಿ ಮಾಡ್ಕೊಡು’ ಅಂದರೆ ಅವನು ಕೇಳುತ್ತಿರುವುದು ಬೇರೆಯೇ. ಹಿಂದಿನ ಸೀಟಿನ ಬೆಲ್ಟು, ಬಕಲ್ಲು ಎಲ್ಲವನ್ನೂ ಸಂದಿಯೊಳಗೆ ತುರುಕಿ, ಮೇಲೆ ರೆಕ್ಸಿನ್ ಎಳೆದು ಹೊಲಿದುಬಿಡಬೇಕು. ಯಾರ ಸೊಂಟಕ್ಕೂ ಚುಚ್ಚಬಾರದು, ಯಾರ ಸೀರೆಗೂ ಸಿಕ್ಕಬಾರದು, ಮೂವರ ಜಾಗದಲ್ಲಿ ಐವರು ಜಾರಿ ಜಾರಿ ಕೂರುವಂತಿರಬೇಕು. ಈ ಮಾತನ್ನು ಯಾವ ಪುಣ್ಯಾತ್ಮ ಹುಟ್ಟಿಸಿದನೋ ಕಾಣೆ. ಆದರೆ ಆ ಕೆಲಸವನ್ನು ಇಡೀ ತಾಲ್ಲೂಕಿನಲ್ಲಿ ಅಚ್ಚುಕಟ್ಟಾಗಿ ಮಾಡುತ್ತಿದ್ದವನು ಹಮೀದ್. ಹಳೇ ಹೆದ್ದಾರಿಯಲ್ಲಿ ಅವನ ಮಗ್ಗುಲ ಅಂಗಡಿ ನನ್ನದು. ನಾನು ಜಯಪ್ರಕಾಶ್, ಗಾಡಿಗಳ ಕರೆಂಟು ಕೆಲಸದವನು.

ಹಮೀದನ ಅಪ್ಪ ಜಟಕಾ ಗಾಡಿಗೆ ನಾರು ತುಂಬಿ ಮೆತ್ತೆ ಹೊಲಿಯುತ್ತಿದ್ದವರು. ಜಟಕಾ ಹೋದವು, ಬಸ್ಸು ಲಾರಿ ಬಂದವು. ಹಮೀದ್ ಆ ಸೀಟುಗಳ ಮೇಲೆ ಕೈ ಕಲಿತ. ಆಮೇಲೆ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಯಿತು. ಲಾರಿಗಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಉಳಿದದ್ದು ಹಳ್ಳಿಗಳ ಸಣ್ಣ ವ್ಯಾನುಗಳು. ಬೀಗರ ಊಟಕ್ಕೆ, ಹರಕೆಗೆ, ಗಾರ್ಮೆಂಟ್ಸಿಗೆ ಜನ ತುಂಬಿಕೊಂಡು ಓಡಾಡುವ ಗಾಡಿಗಳು. ಹಮೀದನಿಗೆ ಈಗ ಐವತ್ತೆಂಟು. ಹೆಂಡತಿ ಶಮೀಮ್ ಬಾನು ಅಂಗಡಿಯ ಒಳಗೆ ಕೂತು ಅಂಚಿನ ದಾರ ಹಾಕುತ್ತಾಳೆ. ‘ಹಮೀದ್ ಸೀಟ್ ವರ್ಕ್ಸ್, ಮದ್ದೂರು’ ಎಂಬ ಬಟ್ಟೆಯ ಚೀಟಿಯನ್ನು ಪ್ರತಿ ಸೀಟಿನ ಬೆನ್ನಿಗೂ ಹೊಲಿಯುವವಳು ಅವಳೇ.

ಬೆಲ್ಟಿನ ವಿಷಯ ಅವನಿಗೆ ತಿಳಿಯದ್ದೇನಲ್ಲ. ಅವನಷ್ಟು ತಿಳಿದವನನ್ನು ನಾನು ಕಂಡಿಲ್ಲ. ಗಾಡಿ ಕೈಗೆ ಬಂದ ಕೂಡಲೇ ಬೆಲ್ಟನ್ನು ಪೂರ್ತಿ ಎಳೆದು ಅಂಚು ಬಿಚ್ಚಿಕೊಂಡಿದೆಯೋ ಎಂದು ಬೆರಳಾಡಿಸಿ ನೋಡುತ್ತಿದ್ದ. ಒಮ್ಮೆ ಜಗ್ಗಿ, ಗಕ್ಕನೆ ಹಿಡಿದು ನಿಲ್ಲುತ್ತದೋ ಎಂದು ಪರೀಕ್ಷಿಸುತ್ತಿದ್ದ. ಬಕಲ್ಲಿನ ಬಾಯಿಯಿಂದ ಕಡ್ಲೆಕಾಯಿ ಸಿಪ್ಪೆ, ಹುಣಸೆ ಬೀಜ, ಮಕ್ಕಳು ಉಗಿದ ಚಾಕಲೇಟು, ಎಲ್ಲವನ್ನೂ ಸೂಜಿಯಿಂದ ಕೆದಕಿ ತೆಗೆಯುತ್ತಿದ್ದ. ‘ಬೆಲ್ಟಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೀಬೇಡಿ, ನೂಲು ಸಾಯುತ್ತೆ, ಬರೀ ಸೋಪಿನ ನೀರು ಸಾಕು’ ಎಂದು ಡ್ರೈವರುಗಳಿಗೆ ಪಾಠ ಹೇಳುತ್ತಿದ್ದ. ಇಷ್ಟೆಲ್ಲ ಮಾಡಿ ಕೊನೆಗೆ ಒಂದು ಮಾತು ಕೇಳುತ್ತಿದ್ದ.

“ಮೇಲಕ್ಕಾ, ಒಳಗಾ?”

ಹತ್ತರಲ್ಲಿ ಒಂಬತ್ತು ಜನ ‘ಒಳಗೆ’ ಅನ್ನುತ್ತಿದ್ದರು. ಸರಿಯಾಗಿ ಒರೆಸಿ, ಸರಿಯಾಗಿ ಪರೀಕ್ಷೆ ಮಾಡಿದ ಬೆಲ್ಟನ್ನು ಅವನು ಸರಿಯಾಗಿ ಹೂತುಬಿಡುತ್ತಿದ್ದ. ಮನುಷ್ಯನ ತಲೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹೊಸ ಗಾಡಿಗಳಲ್ಲಿ ಹಿಂದೆ ಕೂತವರು ಬೆಲ್ಟು ಹಾಕದಿದ್ದರೆ ಕುಂಯ್ ಕುಂಯ್ ಎಂದು ಬಡಿದುಕೊಳ್ಳುವ ಸದ್ದು ಒಂದಿರುತ್ತದೆ. ಹಮೀದ್ ಬೆಲ್ಟು ಹೂತ ಮೇಲೆ ಗಾಡಿ ನನ್ನ ಅಂಗಡಿ ಮುಂದೆ ಬರುತ್ತಿತ್ತು. ಸೀಟಿನ ಕೆಳಗೆ ಕೈ ಹಾಕಿ ಆ ವೈರು ಕೀಳುತ್ತಿದ್ದವನು ನಾನು. ಎರಡು ನಿಮಿಷದ ಕೆಲಸ.

ಹೋದ ವರ್ಷ ಶ್ರಾವಣಕ್ಕೆ ಮುಂಚೆ ನಿಡಘಟ್ಟದ ಸಿದ್ದೇಶ್ ಹೊಸ ವ್ಯಾನು ತಂದ. ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಮುಂದೆ ಎರಡು ಗಾಳಿಚೀಲ, ಮಧ್ಯದ ಸಾಲಿನಲ್ಲಿ ಮೂವರಿಗೂ ಬೆಲ್ಟು, ತಲೆಗೆ ದಿಂಬು, ಎಲ್ಲ ಇದ್ದ ಗಾಡಿ.

“ಅಣ್ಣೋ, ಬೀಗ್ರೂಟದ ಸೀಜನ್ನು ಬತ್ತಾದೆ ಕಣಣ್ಣ” ಎಂದ ಸಿದ್ದೇಶ್. “ಎಂಗಸ್ರು ರೇಸ್ಮೆ ಸೀರೆ ಉಟ್ಕಂಡು ಕೂತ್ಕತರೆ. ಬಕಲ್ ಚುಚ್ತದೆ, ಸೆರಗು ಅರೀತದೆ ಅಂತ ನನ್ ಜೀವ ತಿಂತರೆ. ಕ್ಲೀನಾಗಿ ಮಾಡ್ಬುಡು.”

ಅವತ್ತು ಇನ್ನೂ ಮೂರು ಗಾಡಿ ಸಾಲಿನಲ್ಲಿದ್ದವು. ಹಮೀದ್ ತನ್ನ ಮಾಮೂಲಿ ಪ್ರಶ್ನೆಯನ್ನೂ ಕೇಳಲಿಲ್ಲ. ಕತ್ತರಿ ಹಿಡಿದ. ಸಂಜೆ ಹೊತ್ತಿಗೆ ಕೆಂಪು ರೆಕ್ಸಿನ್ನಿನ ಮೇಲೆ ಬಿಳಿ ಅಂಚು ಓಡಿ, ಮಧ್ಯದ ಸೀಟು ಹೊಸ ಮದುಮಗಳ ಹಾಸಿಗೆಯಂತೆ ನುಣ್ಣಗಾಗಿತ್ತು. ಸಿದ್ದೇಶ್ ಅಂಗೈಯಿಂದ ಸವರಿ ನೋಡಿ, ‘ಇಲ್ಲಿ ಬೆಲ್ಟಿತ್ತು ಅಂತ ದೇವ್ರಿಗೂ ಗೊತ್ತಾಗಕಿಲ್ಲ’ ಎಂದು ನಕ್ಕ. ನಾವೂ ನಕ್ಕೆವು. ನಾನು ವೈರು ಕಿತ್ತೆ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಆ ವ್ಯಾನು ನಿಡಘಟ್ಟದಿಂದ ಮಳವಳ್ಳಿಗೆ ಬೀಗರ ಊಟಕ್ಕೆ ಹೊರಟಿತು. ಒಳಗೆ ಹನ್ನೊಂದು ಜನ. ದೊಡ್ಡಿ ಎಂಬ ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಸೂಚನೆ ಕೊಡದೆ ಗದ್ದೆಯ ದಾರಿಗೆ ತಿರುಗಿಬಿಟ್ಟಿತು. ಸಿದ್ದೇಶ್ ಬ್ರೇಕು ತುಳಿದು ಸ್ಟೇರಿಂಗ್ ಎಳೆದ. ಗಾಡಿ ಹೊಂಗೆ ಮರಕ್ಕೆ ಹೊಡೆಯಿತು. ಅವನು ಪೊಲೀಸರಿಗೆ ಹೆದರಿ ಬೆಲ್ಟು ಹಾಕಿದ್ದ, ಎದುರಿಗೆ ಗಾಳಿಚೀಲವೂ ಬಿಚ್ಚಿಕೊಂಡಿತು. ಕಾಲು ಮುರಿದು ಜೀವ ಉಳಿಯಿತು. ಉಳಿದವರಲ್ಲಿ ಕೆಲವರಿಗೆ ಹಲ್ಲು ಹೋಯಿತು, ಕೆಲವರಿಗೆ ಕೈ ಮುರಿಯಿತು. ಮಧ್ಯದ ಸಾಲಿನ ನಡುವೆ ಕೂತಿದ್ದ ಅರ್ಪಿತ ಎಂಬ ಹುಡುಗಿ ಮಾತ್ರ ಮುಂದಿನ ಎರಡು ಸೀಟಿನ ಸಂದಿಯಿಂದ ಹಾರಿ ಗಾಜಿಗೆ ಬಡಿದಳು. ಮಂಡ್ಯದ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಇಪ್ಪತ್ನಾಲ್ಕು ವಯಸ್ಸು.

ಆ ಹುಡುಗಿ ಮಂಡ್ಯದ ಒಂದು ಖಾಸಗಿ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ತಲೆ ಒಡೆದು ಬಂದವರನ್ನು ದಿನಾ ನೋಡುವವಳು. ಊರೊಳಗೆ ಅಂಗಡಿಗೆ ಹೋಗಬೇಕಾದರೂ ಸ್ಕೂಟರಿನ ಮೇಲೆ ಹೆಲ್ಮೆಟ್ ಹಾಕುತ್ತಿದ್ದಳಂತೆ. ನಿಡಘಟ್ಟದವರು ಅವಳಿಗೆ ‘ಎಲ್ಮೆಟ್ ಅರ್ಪಿತ’ ಎಂದೇ ಹೆಸರಿಟ್ಟಿದ್ದರು. ಈಗ ಅದೇ ಬಾಯಿಗಳು ತಿರುಗಿಕೊಂಡವು. ನಾಲಿಗೆಗೆ ಮೂಳೆಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ‘ಓದಿದ್ ಉಡ್ಗಿ ಕಣ್ಲಾ, ಎಲ್ರಿಗೂ ಬುದ್ಧಿ ಏಳ್ತಿದ್ಲು, ತಾನೇ ಬೆಲ್ಟ್ ಆಕಿರ್ನಿಲ್ವಂತೆ’ ಎಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಒಬ್ಬ ಹೇಳಿದ್ದನ್ನು ನನ್ನ ಕಿವಿಯಿಂದಲೇ ಕೇಳಿದೆ. ಪೊಲೀಸರ ಕಾಗದದಲ್ಲೂ ಹಾಗೆಯೇ ಇತ್ತು: ಬೆಲ್ಟು ಧರಿಸಿರಲಿಲ್ಲ. ನನಗೆ ಹೋಟೆಲಿನಲ್ಲಿ ಹಾಗಂದವನ ಕೆನ್ನೆಗೆ ಹೊಡೆಯಬೇಕು ಎನಿಸಿತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಲೋಟ ಇಟ್ಟು ಎದ್ದು ಬಂದೆ.

ಹಮೀದ್ ಆ ವಾರವೆಲ್ಲ ಮಿಷನ್ನಿನ ಮುಂದೆ ಕೂರಲಿಲ್ಲ. ಒಂದು ಸಲ ಮಾತ್ರ, “ನಾನು ಅವ್ನನ್ನ ಕೇಳ್ಳೇ ಇಲ್ಲ ಕಣಪ್ಪ, ಜೇಪಿ” ಎಂದ.

“ಕೇಳಿದ್ರೂ ಒಳಗೇ ಅಂತಿದ್ದ, ಬುಡು” ಎಂದೆ.

“ಅಂತಿದ್ದ. ಆದ್ರೆ ಮಾಡಕ್ಕಿಲ್ಲ ಅನ್ನೋದು ನನ್ ಕೈಲಿತ್ತಲ್ಲ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಇಲ್ಲಿ ಕೆಟ್ಟದ್ದು ನಮ್ಮದಲ್ಲ, ಯಾರದೋ ಮನೆಯದು.

ತಿಥಿ ಮುಗಿದ ಮೂರನೇ ದಿನ, ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ, ಒಬ್ಬ ಹೆಂಗಸು ಬಸ್ಸಿಳಿದು ನೇರ ಹಮೀದನ ಅಂಗಡಿಗೆ ಬಂದರು. ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಹಸಿಯಾಗಿತ್ತು, ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿತ್ತು.

“ಇಲ್ಲಿ ಅಮೀದ್ ಅನ್ನೋರು ಯಾರು?”

“ನಾನೇ ಕಣಮ್ಮ.”

“ನಾನು ಇಂದ್ರಮ್ಮ. ಅರ್ಪಿತನ ತಾಯಿ. ದಾರಿ ಉದ್ದಕ್ಕೂ ನಿಮ್ ಎಸ್ರು ನನ್ ಕಣ್ ಮುಂದೇನೆ ಇತ್ತು, ಮುಂದ್ಗಡೆ ಸೀಟಿನ್ ಬೆನ್ಮ್ಯಾಲೆ. ಅದ್ಕೇ ಬಂದೆ.”

ಶಮೀಮ್ ಬಾನು ಎದ್ದು ಸ್ಟೂಲು ಹಾಕಿ ನೀರು ಕೊಟ್ಟಳು. ಇಂದ್ರಮ್ಮ ಕೂತರು, ನೀರು ಮುಟ್ಟಲಿಲ್ಲ. ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ನನ್ನ ಅಂಗಡಿಯಿಂದ ಓಡಿ ಬಂದಿದ್ದೆ. ಅವರು ಜಗಳಕ್ಕೆ ಬಂದಿರಲಿಲ್ಲ.

“ನಾನು ಅವ್ಳ ಮಗ್ಗುಲಲ್ಲೇ ಕೂತಿದ್ದೆ” ಎಂದರು. “ಗಾಡೀಲಿ ಕೂತ್ ತಕ್ಷಣ ಅವ್ಳು ಹಿಂದಕ್ಕೆ ಕೈ ಆಕಿ ಬೆಲ್ಟು ಉಡುಕ್ತಿದ್ಲು. ಇಂಗೆ, ಸೀಟಿನ್ ಸಂದಿಲಿ. ನಾನು ಬೈದೆ. ಸುಮ್ಕೆ ಕೂತ್ಕಳವ್ವ, ಸೀರೆ ನೆರಿಗೆ ಕೆಡ್ತದೆ, ಅಕ್ಕಪಕ್ಕದೋರ್ಗೆ ಮೊಣಕೈ ತಗುಲ್ತದೆ, ಬೀಗ್ರು ಏನಂದ್ಕಂಡಾರು ಅಂದೆ. ಅವ್ಳು ನನ್ ಮುಖ ನೋಡಿ ಕೈ ಈಚೆಗೆ ತಗಂಡ್ಲು. ಆಮ್ಯಾಕೆ ಉಡುಕ್ನೇ ಇಲ್ಲ.”

ಅವರು ಸೆರಗು ಎಳೆದುಕೊಂಡು ಹಮೀದನ ಮುಖ ನೋಡಿದರು.

“ನಾನು ಬೈಯ್ದೇ ಇದ್ದಿದ್ರೆ ಬೆಲ್ಟು ಸಿಕ್ತಿತ್ತಾ? ಅದೊಂದು ಏಳಿ. ನಂಗೆ ಬ್ಯಾರೆ ಏನೂ ಬ್ಯಾಡ. ಸಿದ್ದೇಸನ್ನ ಕೇಳುದ್ರೆ ಬಾಯೇ ಬುಡಕಿಲ್ಲ. ಪೋಲೀಸ್ನೋರು ಬೆಲ್ಟು ಆಕಿರ್ನಿಲ್ಲ ಅಂತವ್ರೆ. ಇದ್ದುದ್ನ ಆಕ್ಕಳಕ್ಕೆ ನಾನು ಬುಡ್ನಿಲ್ವಾ, ಇಲ್ದೇ ಇದ್ದುದ್ನ ಅವ್ಳು ಉಡುಕುದ್ಲಾ? ಅನ್ನ ಗಂಟ್ಲಲ್ಲಿ ಇಳೀತಿಲ್ಲ ಕಣಪ್ಪ.”

ನಾನು ಹಮೀದನ ಹಿಂದೆ ನಿಂತು ಮೆಲ್ಲಗೆ, ‘ಗೊತ್ತಿಲ್ಲ ಅಂದ್ಬುಡು’ ಎಂದೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನಾನು ಹಾಗಂದದ್ದು ನಿಜ. ಬಾಯಿ ಬಿಟ್ಟರೆ ಅಂಗಡಿಗೆ ಬೀಗ, ಕೋರ್ಟು, ಯಾರು ಯಾರನ್ನು ಎಳೆಯುತ್ತಾರೋ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಹಮೀದ್ ನನ್ನ ಕಡೆ ತಿರುಗಲಿಲ್ಲ. ಹೆಂಡತಿಯ ಕಡೆ ನೋಡಿದ. ಶಮೀಮ್ ಬಾನು ‘ಹೇಳು’ ಎನ್ನುವಂತೆ ತಲೆ ಆಡಿಸಿದಳು, ಅಷ್ಟೆ. ಅವನು ಡ್ರಾಯರಿನಿಂದ ರೆಕ್ಸಿನ್ ಕುಯ್ಯುವ ಬ್ಲೇಡು ತೆಗೆದುಕೊಂಡು, “ಬನ್ನಿ ಅಮ್ಮ, ತೋರಿಸ್ತೀನಿ” ಎಂದ.

ನಾನೂ ಅವರ ಹಿಂದೆ ಹೋದೆ. ಪೊಲೀಸ್ ಠಾಣೆಯ ಹಿಂದಿನ ಬಯಲಿನಲ್ಲಿ ಸಿದ್ದೇಶನ ವ್ಯಾನು ನಿಂತಿತ್ತು. ಮುಖ ಒಳಕ್ಕೆ ಹೋಗಿತ್ತು, ಗಾಳಿಚೀಲಗಳು ಬಾಡಿ ಜೋತುಬಿದ್ದಿದ್ದವು. ಹಮೀದ್ ಕಾವಲಿದ್ದ ಪೇದೆಯನ್ನು ಕರೆದು ತಾನು ಯಾರು, ಏನು ಮಾಡಲು ಬಂದಿದ್ದೇನೆ ಎಂದು ಹೇಳಿದ. “ನಿಮ್ಮ ಎದುರಿಗೇ ಬಿಚ್ತೀನಿ ಸಾರ್, ನೀವು ಬರ್ಕೊಳ್ಳಿ” ಎಂದ. ಪೇದೆ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ, ಒಳಗೆ ಹೋಗಿ ಸಾಹೇಬರನ್ನು ಕೇಳಿಕೊಂಡು, ಹಾಳೆ ಹಿಡಿದು ಬಂದ.

ಪಕ್ಕದ ಬಾಗಿಲು ಸೊಟ್ಟಗಾಗಿತ್ತು; ಹಮೀದ್ ಎರಡೂ ಕೈಯಿಂದ ಎಳೆದು ತೆರೆದ. ಸೀಟಿನ ಮೇಲೆ ಗಾಜಿನ ಚೂರು, ಒಣಗಿದ ಮಲ್ಲಿಗೆ. ಕೆಂಪು ರೆಕ್ಸಿನ್ ಮಾತ್ರ ಎಲ್ಲೂ ಹರಿದಿರಲಿಲ್ಲ. ಅವನು ಮೊದಲು ಇಂದ್ರಮ್ಮನವರ ಎಡಗೈಯನ್ನು ಸಂದಿಗೆ ಹಾಕಿಸಿದ. “ಹುಡುಕಿ ಅಮ್ಮ, ಎಷ್ಟು ಬೇಕಾದ್ರೂ ಹುಡುಕಿ” ಎಂದ. ಅವರು ಹುಡುಕಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ, ಮಗಳು ಹುಡುಕಿದಂತೆಯೇ ಇರಬೇಕು, ಬೆರಳು ಒತ್ತಿ ಒತ್ತಿ ಹುಡುಕಿದರು. ಬರೀ ನುಣುಪು. ಆಮೇಲೆ ಹಮೀದ್ ಮೊಣಕಾಲೂರಿ ಬ್ಲೇಡು ಇಟ್ಟ. ಅಂಚಿನ ದಾರ ಕುಯ್ದ, ಅದರ ಕೆಳಗಿನ ಇನ್ನೊಂದು ಹೊಲಿಗೆ ಕುಯ್ದ, ಫೋಮು ಎತ್ತಿದ, ಗೇಣುದ್ದ ಕೈ ಒಳಗೆ ಹಾಕಿ ಎಳೆದ. ಮೂರು ಬಕಲ್ಲು, ಬೆಲ್ಟುಗಳ ಸಮೇತ, ಒಟ್ಟಿಗೆ ದಾರದಲ್ಲಿ ಸುತ್ತಿಕೊಂಡು ಹೊರಗೆ ಬಂದವು. ಒಂದು ಗೀರೂ ಇಲ್ಲದ ಹೊಸ ಬಕಲ್ಲು.

ಇಂದ್ರಮ್ಮ ಅವುಗಳನ್ನು ನೋಡುತ್ತ ನಿಂತರು.

“ಇನ್ನೊಂದ್ ಗಳಿಗೆ ಉಡುಕಿದ್ರೆ?”

“ಸಿಕ್ತಿರ್ಲಿಲ್ಲ ಕಣಮ್ಮ” ಎಂದ ಹಮೀದ್. “ದಿನವೆಲ್ಲ ಹುಡುಕಿದ್ರೂ ಸಿಕ್ತಿರ್ಲಿಲ್ಲ. ಸಿಗಬಾರ್ದು ಅಂತ್ಲೇ ನಾನು ಹೊಲಿದದ್ದು.”

“ಆಣೆಗೂ?”

“ಅಲ್ಲಾನ ಆಣೆಗೂ.”

ಪೇದೆಯ ಪೆನ್ನು ನಿಂತುಹೋಗಿತ್ತು. ಇಂದ್ರಮ್ಮ ಗಾಡಿಯ ಬಾಗಿಲಲ್ಲೇ ಕುಸಿದು ಕೂತು, ಖಾಲಿ ಸೀಟಿನ ಕಡೆ ಮುಖ ಮಾಡಿ, “ನಾನಲ್ಲ ಕಣವ್ವ, ನನ್ ಮಾತಿಂದಲ್ಲ ಕಣವ್ವ” ಎಂದು ಜೋರಾಗಿ ಅತ್ತರು. ಮಗಳು ಸತ್ತಾಗಿನಿಂದ ಅವರು ಅತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಹಮೀದ್ ಬ್ಲೇಡು ಹಿಡಿದುಕೊಂಡು ತಲೆ ಬಗ್ಗಿಸಿ ನಿಂತಿದ್ದ. ಸಮಾಧಾನ ಮಾಡಲು ಅವನಿಗೆ ಅಧಿಕಾರವಿರಲಿಲ್ಲ, ಅದು ಅವನಿಗೆ ತಿಳಿದಿತ್ತು.

ಅಳು ನಿಂತ ಮೇಲೆ ಅವರು ಸೆರಗಿನಿಂದ ಮುಖ ಒರೆಸಿ, ಎದ್ದು, ಅವನ ಎದುರಿಗೆ ನಿಂತರು. ದನಿ ಏರಿಸಲಿಲ್ಲ.

“ನಿಜ ಏಳ್ದೆ, ಒಳ್ಳೇದಾಯ್ತು. ಆದ್ರೆ ನಿನ್ ಕೈ ಸೇದೋಗ, ಬಿದ್ದೋಗ.”

“ಆಗ್ಲಿ ಕಣಮ್ಮ” ಎಂದ ಹಮೀದ್.

ಅವರು ನನ್ನ ಕಡೆ ನೋಡಲಿಲ್ಲ. ನಾನು ಯಾರೋ ಜೊತೆಗೆ ಬಂದವನು ಎಂದುಕೊಂಡಿದ್ದರು. ನನ್ನ ಎರಡು ಕೈಯೂ ಪ್ಯಾಂಟಿನ ಜೇಬಿನೊಳಗಿದ್ದವು, ಅವರು ಬಸ್ಸು ಹತ್ತುವವರೆಗೂ ನಾನು ಅವನ್ನು ಹೊರಗೆ ತೆಗೆಯಲಿಲ್ಲ.